ಹರತಾಳದ ದಿನ ನೋಯದ ಹೊಟ್ಟೆ

ನನ್ನ ಗಂಡ ಚೆನ್ನಪ್ಪ ವರ್ಕಾಡಿಯಿಂದ ಹೊಸಂಗಡಿಗೆ ಸರ್ವಿಸ್ ಜೀಪು ಓಡಿಸುವವರು. ಬಸ್ಸು ತಪ್ಪಿದವರಿಗೆಲ್ಲ ಇವರೇ ಗತಿ. ಒಳಗೆ ಕುರಿ ತುಂಬಿದ ಹಾಗೆ ಜನ, ಹಿಂದೆ ನೇತಾಡುವವರು ಬೇರೆ. ತಿರುವು, ಪೊಲೀಸರು, ಚಿಲ್ಲರೆ ಇಲ್ಲದ ಗಿರಾಕಿಗಳು, ಯಾವುದಕ್ಕೂ ಇವರು ಹೆದರಿದವರಲ್ಲ. ಹೆದರುತ್ತಿದ್ದುದು ತಮ್ಮ ಹೊಟ್ಟೆಗೆ ಮಾತ್ರ. ಹೊಟ್ಟೆಯ ಕತೆ ಹೇಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಪಟ್ಟು ಪಟ್ಟೇ ಇವರು ಅಷ್ಟು ವರ್ಷ ಒದ್ದಾಡಿದ್ದು.

ಬೆಳಿಗ್ಗೆ ಜೀಪು ಸ್ಟಾರ್ಟ್ ಮಾಡುವಾಗಲೇ ಹೊಕ್ಕುಳ ಕೆಳಗೆ ಹಿಂಡಲು ಶುರು. ಸೀಟು ತುಂಬಿದ ಹಾಗೆ ನೋವೂ ತುಂಬುತ್ತಿತ್ತು. ಕೆಲವು ದಿನ ಓಡಿ ಓಡಿ ಸುಸ್ತು, ಕೆಲವು ದಿನ ಹೋದರೂ ಹೋಗದ ಸಂಕಟ. ದಾರಿಯಲ್ಲಿ ಅವಸರವಾಗಬಾರದೆಂದು ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ಅದರ ಬದಲಿಗೆ ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಹಾಲು ಚಹಾ. ಓಮದ ಕಷಾಯ, ದಾಳಿಂಬೆ ಸಿಪ್ಪೆಯ ಮಜ್ಜಿಗೆ ಎಲ್ಲ ಮಾಡಿ ನೋಡಿದೆ. ಬೀಡಿ ಕಟ್ಟುವ ಕೈ ಮದ್ದು ಅರೆದೇ ಸವೆಯಿತು ಎಂದು ಬೈದೂ ನೋಡಿದೆ. ಬೈದರೆ ಕೇಳಲು ಅದೇನು ನನ್ನ ಹೊಟ್ಟೆಯೇ?

ದಾರಿಯ ನಡುವಿನ ತಿರುವಿನಲ್ಲಿ ಆಯಿಶಕ್ಕನ ಮನೆ. ಮಗ ನಿಯಾಸ್ ದುಬೈಯಲ್ಲಿ. ಅಂಗಳದ ಮೂಲೆಯಲ್ಲಿ, ರಸ್ತೆಗೆ ಹತ್ತಿರವೇ, ತೋಟದ ಕೆಲಸದವರಿಗೆಂದು ಕಟ್ಟಿಸಿದ ಒಂದು ಹಳೆಯ ಕಕ್ಕಸು. ತಡೆಯಲಾಗದ ದಿನ ಇವರು ಅಲ್ಲಿ ಜೀಪು ನಿಲ್ಲಿಸಿ, "ರೇಡಿಯೇಟರಿಗೆ ನೀರು ಹಾಕಬೇಕು" ಎಂದು ಕ್ಯಾನು ಹಿಡಿದು ಇಳಿಯುತ್ತಿದ್ದರು. "ಎಂತ ಮಾರಾಯ, ನಿನ್ನ ಜೀಪು ಎಮ್ಮೆಗಿಂತ ಹೆಚ್ಚು ನೀರು ಕುಡೀತದಲ್ಲ!" ಎಂದು ಜನ ನಗುತ್ತಿದ್ದರು. ಇವರೂ ನಕ್ಕು ಹೋಗುತ್ತಿದ್ದರು. ಗುಟ್ಟು ನನಗೊಬ್ಬಳಿಗೇ ಗೊತ್ತೆಂದು ಇವರ ನಂಬಿಕೆ.

ಎರಡು ಸಾವಿರದ ಒಂಬತ್ತರ ಮಳೆಗಾಲ ಕಳೆದ ಮೇಲೆ ಒಂದು ದಿನ ವಾಸಪ್ಪ ಬಂದು ಜೀಪಿನ ಬಾನೆಟ್ ಎತ್ತಿ ನೋಡತೊಡಗಿದ. ಅವನೂ ಡ್ರೈವರನೇ, ಇವರ ಗೆಳೆಯ.

"ಎಂತ ವಾಸಪ್ಪಣ್ಣ, ರಿಪೇರಿಯಾ?" ಎಂದೆ.

"ಅಲ್ಲ ಅಕ್ಕ, ಚೆನ್ನಪ್ಪ ಜೀಪು ನನಗೆ ಮಾರ್ತಾನಂತೆ. ನಿಮಗೆ ಗೊತ್ತಿಲ್ವಾ?"

ಇವರನ್ನು ಅಡುಗೆಕೋಣೆಗೆ ಕರೆದು ಬಾಗಿಲು ಹಾಕಿದೆ. ಇವರು ನೆಲ ನೋಡುತ್ತಾ ಹೇಳಿದರು, "ಗುಣಪಾಲಣ್ಣನಿಗೂ ಹೀಗೇ ಶುರುವಾದದ್ದು ಲೋಲಾಕ್ಷಿ. ನನಗೂ ಅದೇ. ನಾನು ಇರುವಾಗಲೇ ಜೀಪು ಒಳ್ಳೆಯವರ ಕೈಗೆ ಹೋಗಲಿ."

ಗುಣಪಾಲ ಇವರ ಅಣ್ಣ. ಕರುಳಿನ ಕ್ಯಾನ್ಸರಿನಲ್ಲಿ ತೀರಿಕೊಂಡವರು. ಅಯ್ಯೋ ದೇವರೇ, ಈ ಮನುಷ್ಯ ಆ ಹೆದರಿಕೆಯನ್ನು ಒಬ್ಬರೇ ಹೊತ್ತುಕೊಂಡು ದಿನಾ ಜನರನ್ನು ನಗಿಸಿಕೊಂಡು ಜೀಪು ಓಡಿಸುತ್ತಿದ್ದರಲ್ಲ! ಸಿಟ್ಟೂ ಬಂತು, ಅಳುವೂ ಬಂತು. ಅತ್ತದ್ದು ಆಮೇಲೆ. ಮೊದಲು ಹೊರಗೆ ಬಂದು, "ವಾಸಪ್ಪಣ್ಣ, ಮೊದಲು ಡಾಕ್ಟ್ರು, ಆಮೇಲೆ ಜೀಪು. ಬಾನೆಟ್ ಮುಚ್ಚಿ" ಎಂದೆ. ಪಾಪ, ಅವನು ಮುಚ್ಚಿದ.

ಮರುದಿನ ಉಪ್ಪಳದ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಅಲ್ಲಿದ್ದವರು ಫಾಯಿಝಾ ಡಾಕ್ಟರು. ಕುಂಜತ್ತೂರಿನವರು, ನಮ್ಮ ಮಗಳ ಪ್ರಾಯ. ಹೆಣ್ಣು ಡಾಕ್ಟರನ್ನು ಕಂಡದ್ದೇ ಇವರ ಬಾಯಿಗೆ ಬೀಗ ಬಿತ್ತು. ಅಣ್ಣ ತೀರಿಹೋದ ಕತೆಯನ್ನೂ ನಾನೇ ಹೇಳಬೇಕಾಯಿತು.

"ರಕ್ತ ಹೋಗ್ತದಾ? ತೂಕ ಇಳಿದಿದೆಯಾ? ನೋವು ನಿದ್ದೆಯಿಂದ ಎಬ್ಬಿಸ್ತದಾ?" ಎಂದು ಡಾಕ್ಟರು ಒಂದೊಂದಾಗಿ ಕೇಳಿದರು. ಇವರು ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸಿದರು. "ಕಕ್ಕಸಿಗೆ ಹೋಗಿ ಬಂದ ಮೇಲೆ ನೋವು ಕಡಿಮೆ ಆಗ್ತದಾ?" ಹೌದೆಂದು ತಲೆಯಾಡಿಸಿದರು. "ಯಾವಾಗ ಜೋರು?" ಅದಕ್ಕೆ ತಲೆಯಾಡಿಸಿ ಉತ್ತರ ಕೊಡುವುದು ಹೇಗೆ?

ನನಗೆ ತಡೆಯಲಾಗಲಿಲ್ಲ. "ನಾನು ಹೇಳ್ತೇನೆ ಡಾಕ್ಟ್ರೇ. ಜೀಪಿನ ಬೀಗದಕೈ ಹಿಡಿದ್ರೆ ನೋವು. ಹರತಾಳ ಬಂದು ಜೀಪು ನಿಲ್ಲಲಿ, ಎಂತದೂ ಇಲ್ಲ! ಮೊನ್ನೆ ಹರತಾಳಕ್ಕೆ ಕೋಳಿಸಾರಿನ ಕೋರಿರೊಟ್ಟಿ ಕೇಳಿ ಕೇಳಿ ಹಾಕಿಸಿಕೊಂಡ್ರು, ಮಲಗಿ ಗೊರಕೆ ಹೊಡೆದ್ರು. ಇವರ ಹೊಟ್ಟೆಗೂ ಹರತಾಳವಾ ಅಂತ ಕೇಳಿ ನೀವೇ!"

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಲ್ಲಾ ಹರತಾಳಕ್ಕೂ ಹೀಗೆಯಾ ಲೋಲಾಕ್ಷಕ್ಕ?"

"ಎಲ್ಲದಕ್ಕೂ. ನಮ್ಮಲ್ಲಿ ಹರತಾಳಕ್ಕೆ ಎಂತ ಬರ?"

ಅವರು ಜೋರಾಗಿ ನಕ್ಕರು. ಆಮೇಲೆ ಇವರ ಕಡೆ ತಿರುಗಿ, "ಇದು ಎಂತದ್ದು ಅಂತ ನನಗೆ ಅಂದಾಜಾಗಿದೆ. ಹೆದರುವಂಥದ್ದಲ್ಲ. ಆದ್ರೆ ಅಣ್ಣನಿಗೆ ಕರುಳಿನ ಕ್ಯಾನ್ಸರ್ ಇತ್ತಲ್ಲ, ಅಂದಾಜಿನ ಮೇಲೆ ಬಿಡ್ಲಿಕ್ಕಾಗುವುದಿಲ್ಲ. ಮಂಗಳೂರಿನಲ್ಲಿ ಒಮ್ಮೆ ಕ್ಯಾಮರಾ ಹಾಕಿ ನೋಡುವ" ಎಂದರು.

ಆಗ ಇವರ ಬಾಯಿ ತೆರೆಯಿತು. "ನೋಡಿದ್ರೆ ಉಂಟು ಅಂತ ಹೇಳ್ತೀರಿ. ಅಣ್ಣನಿಗೂ ಹಾಗೇ ಹೇಳಿದ್ರು."

"ನೋಡಿದ್ರಿಂದ ಬರುವುದಿಲ್ಲ ಚೆನ್ನಪ್ಪಣ್ಣ. ಇದ್ರೆ ಬೇಗ ಸಿಗ್ತದೆ, ಇಲ್ಲದಿದ್ರೆ ಹೆದರಿಕೆ ಹೋಗ್ತದೆ." ಅಷ್ಟು ಮೃದುವಾಗಿ ನಾನು ಒಮ್ಮೆಯಾದರೂ ಹೇಳಿದ್ದಿದ್ದರೆ ಎಂದು ಅನ್ನಿಸಿತು. ನನ್ನ ಬಾಯಿ ಅಂಥದ್ದಲ್ಲ, ಏನು ಮಾಡುವುದು.

ಮಂಗಳೂರಿನಲ್ಲಿ ಪರೀಕ್ಷೆಯಾಯಿತು. ರಕ್ತವನ್ನೂ ಮಲವನ್ನೂ ನೋಡಿದರು. ಗಡ್ಡೆಯಿಲ್ಲ, ಹುಣ್ಣಿಲ್ಲ, ಎಲ್ಲ ಸರಿಯಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಇವರು ಮಗುವಿನ ಹಾಗೆ ಅತ್ತರು. ನಾನೂ ಅತ್ತೆ. ಹೋದ ಜೀವ ಬಂದಿತ್ತು.

ಫಾಯಿಝಾ ಡಾಕ್ಟರು ರಿಪೋರ್ಟು ನೋಡಿ ಕಾಯಿಲೆಯ ಹೆಸರು ಹೇಳಿದರು: ಐಬಿಎಸ್. "ಕರುಳಿಗೆ ಗಾಯವಿಲ್ಲ. ಆದ್ರೆ ಅದು ಮುಂಗೋಪಿ, ಸಣ್ಣದಕ್ಕೂ ಸಿಡುಕುತ್ತದೆ. ಮನಸ್ಸಿನ ಹೆದರಿಕೆ ಕರುಳಿಗೆ ಗೊತ್ತಾಗ್ತದೆ, ಕರುಳಿನ ನೋವು ಮನಸ್ಸಿಗೆ. ನೋವು ಸುಳ್ಳಲ್ಲ, ನಿಜವಾದದ್ದೇ. ಪೂರ್ತಿ ಹೋಗ್ತದೆ ಅಂತ ಹೇಳುವುದಿಲ್ಲ, ಜೀವಕ್ಕೆ ತೊಂದರೆಯಿಲ್ಲ." ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಊಟ ಮಾಡಬೇಕು. ಚಹಾ ಕಡಿಮೆ ಮಾಡಬೇಕು. ಹಾಲು ಬಿಟ್ಟು ನೋಡಬೇಕು. ಹಿಂಡಿದಾಗ ನುಂಗಲು ಒಂದು ಮಾತ್ರೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ನಮ್ಮ ಮನೆಗೆ ಒಗ್ಗಲಿಲ್ಲ.

"ದಾರಿಯಲ್ಲಿ ಕಕ್ಕಸು ಉಂಟಾ? ಹೋಗ್ಲಿಕ್ಕೆ ಜಾಗ ಉಂಟು ಅಂತ ಗೊತ್ತಿದ್ರೇ ಕರುಳು ಸ್ವಲ್ಪ ತಣ್ಣಗಾಗ್ತದೆ" ಎಂದರು ಡಾಕ್ಟರು.

ಇವರು ನನ್ನ ಮುಖ ನೋಡಿದರು. ಆಮೇಲೆ ಆಯಿಶಕ್ಕನ ಮನೆ, ರೇಡಿಯೇಟರು, ಕ್ಯಾನು, ಎಲ್ಲ ಹೇಳಿದರು. "ಆ ತಿರುವು ಕಂಡ್ರೆ ಸಾಕು ಡಾಕ್ಟ್ರೇ, ನೋವು ಅರ್ಧ ಇಳೀತದೆ."

"ಹಾಗಾದ್ರೆ ಇಷ್ಟು ವರ್ಷ ನಿಮ್ಮ ಜೀಪು ಓಡಿಸಿದ್ದು ಆಯಿಶಕ್ಕ" ಎಂದರು ಅವರು.

ಆ ಮಾತು ಇವರನ್ನು ಬಿಡಲಿಲ್ಲ. ವಾಸಪ್ಪನಿಗೆ ಜೀಪು ಕೊಡುವುದಿಲ್ಲ ಎಂದು ಹೇಳಿಬಂದರು. ಮುಂದಿನ ಹರತಾಳದ ದಿನ ಒಂದು ಚಿಪ್ಪು ಕದಳಿ ಬಾಳೆಹಣ್ಣು ಹಿಡಿದುಕೊಂಡು ನಾವಿಬ್ಬರೂ ಆಯಿಶಕ್ಕನಲ್ಲಿಗೆ ನಡೆದುಕೊಂಡು ಹೋದೆವು. ಅಂಗಳದಲ್ಲಿ ನಿಂತು ಇವರು ತಡವರಿಸಿದರು. "ಆಯಿಶಕ್ಕ, ಆ ರೇಡಿಯೇಟರಿನ ನೀರು ಉಂಟಲ್ಲ..."

ಆಯಿಶಕ್ಕ ತಲೆಯ ಬಟ್ಟೆ ಸರಿಮಾಡಿಕೊಂಡು ನಕ್ಕರು. "ಯಾವ ರೇಡಿಯೇಟರು ಚೆನ್ನಪ್ಪಣ್ಣ? ನೀವು ಎಷ್ಟೋ ದಿನ ಖಾಲಿ ಕ್ಯಾನು ತಂದು ಖಾಲಿಯೇ ತಕ್ಕೊಂಡು ಹೋಗಿದ್ದೀರಿ."

ಇವರು ಬಾಳೆಹಣ್ಣಿನ ಚಿಪ್ಪನ್ನು ಜಗಲಿಯ ಮೇಲೆ ಇಟ್ಟರು.

"ಕಳೆದ ವರ್ಷ ನಿಯಾಸ್ ಬಂದಾಗ ಆ ಕಕ್ಕಸನ್ನು ಕೆಡವಿ ಕಂಪೌಂಡ್ ಕಟ್ಟುವ ಅಂದ. ಬೇಡ ಮೋನೆ, ಚೆನ್ನಪ್ಪಣ್ಣನಿಗೆ ಬೇಕಾಗ್ತದೆ ಅಂತ ಹೇಳಿದೆ" ಎಂದರು ಆಯಿಶಕ್ಕ. ಆಗ ನೋಡಿದೆ. ಹೊಸ ಕೆಂಪುಕಲ್ಲಿನ ಗೋಡೆ ರಸ್ತೆಯುದ್ದಕ್ಕೂ ನೆಟ್ಟಗೆ ಬಂದು, ಆ ಮೂಲೆಯಲ್ಲಿ ಮಾತ್ರ ಕಕ್ಕಸನ್ನು ಬಳಸಿಕೊಂಡು, ಒಬ್ಬರು ಹೋಗುವಷ್ಟು ಜಾಗ ಬಿಟ್ಟಿತ್ತು. ಕಕ್ಕಸಿನ ಬಾಗಿಲ ಹತ್ತಿರ ಬಕೆಟ್ಟಿನಲ್ಲಿ ತುಂಬ ನೀರಿತ್ತು. ಅಂದು ಹರತಾಳ. ಇವರು ಬರುವುದಿಲ್ಲವೆಂದು ಗೊತ್ತಿದ್ದರೂ ತುಂಬಿಸಿಟ್ಟಿದ್ದರು.

ನಾನು ಆಯಿಶಕ್ಕನ ಕೈ ಹಿಡಿದುಕೊಂಡೆ.

ನೋವು ಈಗಲೂ ಒಮ್ಮೊಮ್ಮೆ ಬರುತ್ತದೆ, ಹೋಗುತ್ತದೆ. ಜೀಪು ಇನ್ನೂ ಇವರ ಕೈಯಲ್ಲೇ ಇದೆ. ಆ ತಿರುವಿನಲ್ಲಿ ದಿನಾ ಒಂದು ಹಾರ್ನ್ ಹೊಡೆಯುತ್ತಾರೆ. "ನೀರುಂಟು ಚೆನ್ನಪ್ಪಣ್ಣ!" ಎಂದು ಆಯಿಶಕ್ಕ ಒಳಗಿನಿಂದ ಕೂಗುತ್ತಾರೆ. ಹೆಚ್ಚಿನ ದಿನ ಇವರು "ಇವತ್ತು ಬೇಡ ಆಯಿಶಕ್ಕ" ಎಂದು ಮುಂದೆ ಹೋಗುತ್ತಾರೆ.