ಹಿಮ್ಮಡಿ ಏಳದ ಬೂಟು

ಅಮೆರಿಕದಲ್ಲಿ ನಮ್ಮ ಮನೆಯಿರುವ ಮೆಟುಚೆನ್‌ನಿಂದ ಹಿಮದಲ್ಲಿ ಜಾರುವ ಸ್ಕೀ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ನಾನು, ಹೆಂಡತಿ, ಮಗಳು ಸ್ಕೀ ಬೂಟಿನಂಗಡಿಯೊಂದಕ್ಕೆ ನುಗ್ಗಿದೆವು. ನನ್ನ ಹಳೆಯ ಬೂಟಿನೊಳಗೆ ಹಿಮ್ಮಡಿ ಮೇಲೇಳುತ್ತಿತ್ತು, ತಿರುಗಬೇಕಾದಲ್ಲೆಲ್ಲ ಬೀಳುತ್ತಿದ್ದೆ. ಒಳ್ಳೆಯ ಬೂಟು ತೆಗೆದುಕೊಂಡರೆ ಮಾತ್ರ ಇವತ್ತು ದೊಡ್ಡ ಇಳಿಜಾರಿಗೆ ಕರೆದೊಯ್ಯುವುದಾಗಿ ಮಗಳು ಕರಾರು ಹಾಕಿದ್ದಳು. ಇಲ್ಲದಿದ್ದರೆ ಈ ಸಲವೂ ಐದು ವರ್ಷದ ಮಕ್ಕಳ ಜೊತೆ ಕೆಳಗೇ.

ಅಳತೆ ತೆಗೆಯಲು ಬಂದವರು ಎಪ್ಪತ್ತು ದಾಟಿದ ಅಮೆರಿಕನ್ ಅಜ್ಜ. ನೆಲಕ್ಕೆ ಮಂಡಿಯೂರಿ ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಷ್ಟು ಹಿರಿಯರು ಕಾಲು ಮುಟ್ಟುವುದೆಂದರೇನು? ಹಿಂದಕ್ಕೆಳೆದುಕೊಂಡೆ. ಮತ್ತೆ ಹಿಡಿದರು, ಮತ್ತೆ ಎಳೆದುಕೊಂಡೆ. ಮೂರನೆಯ ಸಲ ನನ್ನ ಹೆಬ್ಬೆರಳು ಅವರ ಎದೆಗೇ ತಾಗಿತು. ತಕ್ಷಣ ಅವರ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಕಣ್ಣಿಗೂ ಏನಾದರೂ ತೊಂದರೆ ಇದೆಯಾ?" ಎಂದು ಅಜ್ಜ ಇಂಗ್ಲಿಷಿನಲ್ಲಿ ವಿಚಾರಿಸಿದರು.

"ಸುಮ್ನೆ ಕೂತ್ಕೊಳ್ರೀ!" ಹೆಂಡತಿ ಗದರಿದಳು. "ಮದುವೇಲಿ ನಮ್ಮಪ್ಪ ನಿಮ್ಮ ಕಾಲು ತೊಳೆದಾಗ ಆರಾಮಾಗಿ ಕೂತಿರ್ಲಿಲ್ವಾ?"

ಕಾಲು ಕೊಟ್ಟೆ. ಇಷ್ಟು ವರ್ಷ ನಾನು ಒಂದೂವರೆ ಸೈಜು ದೊಡ್ಡ ಬೂಟು ಹಾಕುತ್ತಿದ್ದೆನಂತೆ.

ಹೊಸದನ್ನು ತೊಡಿಸಿ, ಬಕಲ್‌ಗಳನ್ನು ಬಿಗಿದು, ನನ್ನನ್ನು ನಿಲ್ಲಿಸಿದ ಅಜ್ಜ ತಾವು ಮಾತ್ರ ಏಳಲಾರದೆ ಕೈ ಚಾಚಿದರು. ಎರಡೂ ಕೈಯಿಂದ ಜಗ್ಗಿ ಎಬ್ಬಿಸಿದೆ. ಏಳುವಾಗಲೂ ಅವರ ಕಣ್ಣು ನನ್ನ ಬೂಟಿನ ಮೇಲೇ ಇತ್ತು.

"ಹಿಮ್ಮಡಿ ಎದ್ದಿತಾ?" ಎಂದರು.

ಎದ್ದಿರಲಿಲ್ಲ.

"ಡ್ಯಾಡ್, ಲೆಟ್ಸ್ ಗೋ!" ಮಗಳು ಆಗಲೇ ಬಾಗಿಲು ತೆರೆದು ಹಿಡಿದಿದ್ದಳು. ಇನ್ನು ಬಿದ್ದರೆ ಯಾವುದರ ಮೇಲೆ ತಪ್ಪು ಹೊರಿಸಲಿ ಎಂಬ ಚಿಂತೆಯೊಡನೆ ಕಾರಿನ ಕಡೆಗೆ ಹೆಜ್ಜೆ ಹಾಕಿದೆ.