ಮ್ಯಾಪು ಹಾಕಿಕೊಟ್ಟ ರಸ್ತೆ

ನೋಡ್ರಪ್ಪ, ನಮ್ಮ ತೆಂಗಿನ ತೋಟದೊಳಗೆ ರಸ್ತೆ ಇಲ್ಲ. ಇರೋದು ಫೋನಿನ ಮ್ಯಾಪಲ್ಲಿ ಮಾತ್ರ. ಸಂಪಿಗೆ ಊರಿನ ದೇವಸ್ಥಾನಕ್ಕೆ ಹೊರಟ ಕಾರುಗಳೆಲ್ಲ ಅದನ್ನ ನಂಬಿಕೊಂಡು ಸೀದಾ ನಮ್ಮ ದನದ ಕೊಟ್ಟಿಗೆ ಮುಂದೆ ಬಂದು ನಿಲ್ತವೆ. ತಪ್ಪು ತಿದ್ದಿ ಅಂತ ಮ್ಯಾಪಿನ ಕಂಪನಿಗೆ ಬರೆದೆ. "ಬಳಕೆದಾರರು ಈ ರಸ್ತೆಯನ್ನು ಖಚಿತಪಡಿಸಿದ್ದಾರೆ" ಅಂತ ಉತ್ತರ ಬಂತು.

ಖಚಿತಪಡಿಸದೆ ಇನ್ನೇನು ಮಾಡ್ತಾರೆ? ದಾರಿ ತಪ್ಪಿ ಬಂದೋರಿಗೆಲ್ಲ ನಮ್ಮವ್ವ ಎಳನೀರು ಕೆತ್ತಿ ಕೊಡ್ತಾಳೆ. ಅವರು ಕುಡಿದು, ಕೊಟ್ಟಿಗೆ ಫೋಟೋ ಹಾಕಿ, "ತಂಪಾದ ದಾರಿ, ಎಳನೀರು ಉಚಿತ" ಅಂತ ಬರೆದು ಐದು ಸ್ಟಾರ್ ಒತ್ತಿ ಹೋಗ್ತಾರೆ.

ಕಂಪನಿ ಕೇಳದಿದ್ರೆ ಕಾನೂನು ಇದೆಯಲ್ಲ, ಇಲ್ಲಿ ರಸ್ತೆಯಿಲ್ಲ ಅಂತ ಸರ್ಕಾರದಿಂದಲೇ ಬರೆಸಿಕೊಳ್ಳೋಣ ಅಂತ ಅಳತೆಗೆ ಅರ್ಜಿ ಹಾಕಿದ್ದೆ. ಇವತ್ತು ಸರ್ವೆ ಸಾಹೇಬ್ರು ಜೀಪಲ್ಲಿ ಬಂದಿಳಿದ್ರು. ನಿನ್ನೆ ತಾನೇ ಉತ್ತಿದ್ದ ತೋಟದ ನಡುವೆ ಮೂಡಿದ್ದ ಎರಡು ಗೆರೆ ತೋರಿಸಿ, "ಚಕ್ರದ ಗುರುತು ಇದೆಯಲ್ರೀ. ದಾರಿ ಬಳಕೆಯಲ್ಲಿದೆ ಅಂತಾನೇ ಬರೀಬೇಕಾಗುತ್ತೆ" ಅಂದ್ರು.

"ಸಾರ್, ಅದು ನಿಮ್ಮ ಜೀಪಿಂದು!" ಅಂದೆ.

"ಮತ್ತೆ? ಮ್ಯಾಪು ಈ ದಾರೀಲೇ ತಾನೇ ಕರ್ಕೊಂಡು ಬಂದಿದ್ದು!"

ನಾನು ಕೂಗಾಡೋಕೆ ಬಾಯಿ ತೆಗೆಯೋದ್ರೊಳಗೆ ಹಿಂದಿನಿಂದ ಅವ್ವನ ದನಿ: "ಪಾಪ, ಬಿಸ್ಲಾಗೆ ಬಂದವ್ರೆ. ಜಗಳ ಆಮೇಕೆ ಆಡೀಯಂತೆ ಬುಡ್ಲಾ, ಮೊದ್ಲು ಒಂದು ಎಳನೀರು ಕೊಡು."

ಕೊಟ್ಟೆ. ಸಂಜೆ ಮ್ಯಾಪ್ ತೆಗೆದು ನೋಡ್ತೀನಿ, ಇನ್ನೊಂದು ಐದು ಸ್ಟಾರ್ ಬಿದ್ದಿದೆ. ಈ ಸಲ ಸರ್ಕಾರದ್ದು.