ನನಗೊಬ್ಬನಿಗೆ ಹೇಳದ ನರಕ

ನಮ್ಮ ಬೀದಿಯವರು ಅವನನ್ನು ಎದುರಿಗೆ 'ಅಣ್ಣ' ಎಂದೂ ಬೆನ್ನ ಹಿಂದೆ 'ನರಕದಣ್ಣ' ಎಂದೂ ಕರೆಯುತ್ತಾರೆ. ಅವನು ಕಟಿಂಗ್ ಶಾಪಿನವನು, ನಾನು ಪಕ್ಕದ ಟೈಲರ್. ಹುಡುಗರಾಗಿದ್ದಾಗ ಒಂದೇ ಮಳಿಗೆಯನ್ನು ಸೇರಿ ಬಾಡಿಗೆಗೆ ಹಿಡಿದು, ನಡುವೆ ಪ್ಲೈವುಡ್ ಹಲಗೆ ಹೊಡೆಸಿ ಎರಡು ಅಂಗಡಿ ಮಾಡಿಕೊಂಡೆವು. ಹಲಗೆಯ ಆ ಕಡೆ ಅವನ ಕನ್ನಡಿ, ಈ ಕಡೆ ನನ್ನ ಹೊಲಿಗೆ ಮೆಷಿನ್. ಅವನು ಸೀನಿದರೆ ನನ್ನ ಸೂಜಿ ಅದುರುತ್ತದೆ. ಹೆಂಡತಿಯ ಜೊತೆಗಿಂತ ಆ ಹಲಗೆಯ ಜೊತೆಗೇ ನಾನು ಹೆಚ್ಚು ಕಾಲ ಸಂಸಾರ ಮಾಡಿದ್ದೇನೆ. ಇದನ್ನು ಅವಳೇ ಆಗಾಗ ಆಡಿ ತೋರಿಸುತ್ತಾಳೆ.

ಅವನು ಕ್ರೈಸ್ತ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿಯ ಜೊತೆ ಚರ್ಚಿಗೆ ಹೋಗುತ್ತಾನೆ. ಆ ಅಂಗಿ ನಾನು ಹೊಲಿದದ್ದು. ನಾನು ಮಾತ್ರ ದೇವರ ಗೊಡವೆಗೆ ಹೋದವನಲ್ಲ, ದೇವರೂ ನನ್ನ ಗೊಡವೆಗೆ ಬಂದವನಲ್ಲ. ಇಬ್ಬರೂ ಹಾಗೇ ಸುಖವಾಗಿದ್ದೆವು.

ಅವನ ಕೆಲಸಕ್ಕೊಂದು ಕ್ರಮವಿದೆ. ಗಿರಾಕಿಯ ಮುಖಕ್ಕೆ ನೊರೆ ಹಚ್ಚುವಾಗ ಬಿಸಿಲು, ಬೆಲೆ, ಯಾರ ಮಗಳು ಏನು ಓದುತ್ತಿದ್ದಾಳೆ, ಎಲ್ಲ ಮಾತೂ ಬರುತ್ತದೆ. ಕೆನ್ನೆ ಮುಗಿದು ಕತ್ತಿ ದವಡೆಯ ಕೆಳಗೆ ಇಳಿಯುತ್ತಿದ್ದಂತೆ ಅವನ ದನಿ ತಗ್ಗುತ್ತದೆ. "ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ" ಎಂದು ಶುರು ಮಾಡುತ್ತಾನೆ. ಸತ್ತ ಮೇಲೆ ಮನುಷ್ಯ ಮುಗಿದು ಹೋಗುವುದಿಲ್ಲ; ನರಕವಿದೆ, ಅದು ಮಕ್ಕಳನ್ನು ಹೆದರಿಸುವ ಕಥೆಯಲ್ಲ; ಆದರೆ ಅಲ್ಲಿಗೆ ಹೋಗಲೇಬೇಕೆಂದಿಲ್ಲ, ಒಂದು ಬಾಗಿಲಿದೆ, ಆ ಬಾಗಿಲು ಯೇಸು. ಇಷ್ಟೇ. ಕೂಗುವುದಿಲ್ಲ, ಕಣ್ಣು ಕೆಕ್ಕರಿಸುವುದಿಲ್ಲ. ಗಂಟಲ ಮೇಲೆ ಕತ್ತಿ ಇರುವುದರಿಂದ ಗಿರಾಕಿ ಹೂಂ ಅನ್ನುವ ಹಾಗೂ ಇಲ್ಲ, ಉಹೂಂ ಅನ್ನುವ ಹಾಗೂ ಇಲ್ಲ. ಮೀಸೆ ತಿದ್ದುವಷ್ಟರಲ್ಲಿ ಮಾತು ಮತ್ತೆ ಬಿಸಿಲಿಗೆ ಬಂದಿರುತ್ತದೆ. ಕೆಲವರು ನಗುತ್ತಾ ಎದ್ದು ಹೋಗುತ್ತಿದ್ದರು. ಕೆಲವರು ಮತ್ತೆ ಆ ಕುರ್ಚಿಯ ಕಡೆ ತಲೆ ಹಾಕುತ್ತಿರಲಿಲ್ಲ.

ಅವನು ಹೀಗಾದದ್ದಕ್ಕೆ ಕಾರಣವಿದೆ. ಕತ್ತರಿ ಹಿಡಿಯುವ ಮೊದಲು ಕೆಲವು ಕಾಲ ಅವನು ಕಟ್ಟಡಗಳಿಗೆ ಬಣ್ಣ ಬಳಿಯುವವರ ಜೊತೆಗಿದ್ದ. ಒಂದು ದಿನ, ನಿಂತು ಬಣ್ಣ ಬಳಿಯಲು ಕಟ್ಟಿದ ಸಾರವೆಯ ಮೇಲಿನ ಹಲಗೆ ಬಿರುಕು ಬಿಟ್ಟದ್ದು ಅವನ ಕಣ್ಣಿಗೆ ಬಿತ್ತು. ಮೇಲೆ ನಿಂತಿದ್ದವನು ಕೆಲಸದಲ್ಲಿ ಹಿರಿಯ, ಮೂಗಿನ ತುದಿಯಲ್ಲೇ ಕೋಪ. ಅವನಿಗೆ ಗೊತ್ತಿಲ್ಲದೇ ಇರುತ್ತದೆಯೇ, ಹೇಳಿ ಬೈಸಿಕೊಳ್ಳುವುದೇಕೆ ಎಂದು ಇವನು ಸುಮ್ಮನಾದ. ಊಟದ ಹೊತ್ತಿಗೆ ಮೊದಲೇ ಆ ಮನುಷ್ಯ ಕೆಳಗೆ ಬಿದ್ದು ಸತ್ತ. ಅಂದಿನಿಂದ ಇವನ ಬಾಯಿ ಕಟ್ಟುವವರಿಲ್ಲ. ಸ್ಟ್ಯಾಂಡ್ ಎತ್ತದೆ ಬೈಕ್ ಓಡಿಸಿಕೊಂಡು ಯಾರಾದರೂ ಹೋದರೆ, ಅರ್ಧ ಕತ್ತರಿಸಿದ ತಲೆಯನ್ನು ಕುರ್ಚಿಯಲ್ಲೇ ಬಿಟ್ಟು, ಕತ್ತರಿ ಹಿಡಿದುಕೊಂಡು ಬೀದಿಗೆ ಓಡುತ್ತಾನೆ. ಗೊತ್ತಿಲ್ಲದವರು ಇರಿಯಲು ಬಂದನೆಂದು ಗಾಡಿಯನ್ನು ಇನ್ನೂ ಜೋರಾಗಿ ಓಡಿಸುತ್ತಾರೆ. ಶೂಗಳ ಲೇಸು, ಮುಚ್ಚದ ಮ್ಯಾನ್‌ಹೋಲ್, ಮೆಟ್ಟಿಲ ಮೇಲಿನ ನೀರು, ಯಾವುದನ್ನೂ ಬಿಡುವವನಲ್ಲ. ನರಕವೂ ಅವನಿಗೆ ಅದೇ ಸಾಲಿನದು.

ಅವನ ಚರ್ಚಿನ ಪಾದ್ರಿಗಳೇ ಒಮ್ಮೆ ತಲೆ ಕೊಟ್ಟು ಕೂತು ಬುದ್ಧಿ ಹೇಳಿದರು. ನಾನು ಈ ಕಡೆ ಮೆಷಿನ್ ನಿಲ್ಲಿಸಿ ಕೇಳುತ್ತಿದ್ದೆ. ಹೆದರಿಸಿ ಕರೆತಂದವನು ಹೆದರಿಕೆ ಹೋದ ಮೇಲೆ ನಿಲ್ಲುವುದಿಲ್ಲ, ಮೊದಲು ಸ್ನೇಹ ಬೆಳೆಯಲಿ, ಪ್ರೀತಿ ಕಾಣಲಿ, ಆಮೇಲೆ ಮಾತು ಎಂದರು. ಇವನು ಕತ್ತರಿ ಆಡಿಸುತ್ತಲೇ, ಸ್ಟ್ಯಾಂಡ್ ಕೆಳಗಿದೆ ಅಂತ ಹೇಳುವುದಕ್ಕೆ ಸ್ನೇಹ ಬೆಳೆಯಲಿ ಅಂತ ಕಾದರೆ ಗಾಡಿ ತಿರುವು ದಾಟಿರುತ್ತದಲ್ಲ ಸ್ವಾಮಿ ಎಂದ. ಗಾಡಿಯವನು ನಿನ್ನ ಮಾತಿಗೆ ಬೆದರಿಯೇ ಬಿದ್ದರೆ ಏನು ಮಾಡುತ್ತೀ ಎಂದು ಪಾದ್ರಿಗಳು ಕೇಳಿದರು. ಇವನ ಕತ್ತರಿ ನಿಂತಿತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ನನ್ನ ಗಡ್ಡ ತೆಗೆಯುತ್ತಾನೆ, ನಾನು ಅವನ ಪ್ಯಾಂಟು ಸರಿ ಮಾಡಿಕೊಡುತ್ತೇನೆ. ಇಷ್ಟು ವರ್ಷಗಳಲ್ಲಿ ಅವನ ಕತ್ತಿ ನನ್ನ ದವಡೆಯ ಕೆಳಗೆ ಇಳಿದಾಗಲೆಲ್ಲ ಅವನು ಮೌನಿ. ಗಂಟಲು ದಾಟಿ ಮೀಸೆಗೆ ಬಂದ ಮೇಲೇ ಬಾಯಿ ಬಿಡುತ್ತಿದ್ದ. ಮೊದಮೊದಲು ಸದ್ಯ, ಬಚಾವಾದೆ ಎಂದುಕೊಂಡೆ. ಸ್ನೇಹಿತ ಎಂದು ಬಿಟ್ಟಿದ್ದಾನೆ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಆಮೇಲೆ ಎದುರು ಸಾಲಿಗೆ ಫ್ರೇಮ್ ಅಂಗಡಿಯವನು ಬಂದ. ಫೋಟೋಗಳಿಗೆ ಕಟ್ಟು ಹಾಕುವವನು. ದುಂಡು ಮೈ, ಬೀದಿ ತುಂಬ ಕೇಳುವ ನಗು. ಮೊದಲ ದಿನ ಶೇವಿಂಗಿಗೆ ಕೂತಾಗಲೇ ಅವನಿಗೆ ನರಕದ ಮಾತಾಯಿತು. ಮುಖ ಒರೆಸಿಕೊಂಡು ಎದ್ದವನೇ, "ಅಲ್ಲಿ ಒಳ್ಳೆ ಜಾಗ ನೋಡಿ ನನ್ನ ಹೆಸರು ಬರೆಸಿಡಿ, ಪರಿಚಯದವರೆಲ್ಲ ಅಲ್ಲೇ ಇರ್ತಾರೆ" ಎಂದು ನಕ್ಕ. ಬೇರೆಯವನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮವನು ಮಾತ್ರ ಬಿಡಲಿಲ್ಲ. ನನ್ನ ಜೊತೆ ಕುಡಿಯುತ್ತಿದ್ದ ಸಂಜೆಯ ಟೀಯನ್ನು ಎತ್ತಿಕೊಂಡು ಅವನ ಅಂಗಡಿಗೆ ಹೋಗಿ ಕೂರತೊಡಗಿದ. ಅವನು ವಾದ ಹೂಡುವುದು, ಇವನು ಉತ್ತರ ಹುಡುಕುವುದು, ಅವನು ನಗುವುದು, ಇವನು ಮಾರನೆಯ ದಿನ ಮತ್ತೆ ಹೋಗುವುದು. ಒಂದು ಸಂಜೆ ಅಲ್ಲಿಂದ ಬರುವಾಗ ಇವನ ಕಣ್ಣು ಒದ್ದೆಯಾಗಿತ್ತು. ಏನಾಯಿತೆಂದು ಕೇಳಿದೆ. ಎಷ್ಟು ಒಳ್ಳೆ ಮನುಷ್ಯ, ಕೇಳುತ್ತಲೇ ಇಲ್ಲವಲ್ಲ ಎಂದು ಕೊರಗಿದ.

ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆ ಬಂದವನಿಗಾಗಿ ಕಣ್ಣೀರು. ನನಗಾಗಿ ಒಂದು ಹನಿ ಬಿದ್ದದ್ದನ್ನು ನಾನು ಕಂಡಿಲ್ಲ. ಹಾಲಿನವನಿಗೆ ಹೇಳಿದ, ಅಂಚೆಯವನಿಗೆ ಹೇಳಿದ, ದಾರಿ ಕೇಳಲು ಬಂದ ಪರಊರಿನವನನ್ನೂ ಕುರ್ಚಿಗೆ ಕೂರಿಸಿ ಹೇಳಿದ. ಇಡೀ ಬೀದಿಯಲ್ಲಿ ಬೆಂಕಿಗೆ ಬಿದ್ದರೂ ಪರವಾಗಿಲ್ಲ ಅನ್ನಿಸಿಕೊಂಡವನು ನಾನೊಬ್ಬನೇ ಎಂದಾಯಿತು. ನನಗೆ ನರಕದ ಮೇಲೆ ನಂಬಿಕೆಯಿಲ್ಲ, ನಿಜ. ಆದರೆ ನಂಬುವವನು ಅವನಲ್ಲವೇ? ಅವನ ಲೆಕ್ಕದಲ್ಲಿ ನಾನು ಬೇಯುವವನು. ಬೇಯಲಿ ಬಿಡು ಎಂದು ದಿನಾ ನನ್ನ ಕೆನ್ನೆ ಸವರಿ ಪೌಡರ್ ಹಚ್ಚಿ ಕಳಿಸುತ್ತಾನೆ.

ಅಂದಿನಿಂದ ಎದುರು ಅಂಗಡಿಯ ಕಡೆಗೇ ಒಂದು ಕಣ್ಣು ಇಟ್ಟು ಹೊಲಿಯತೊಡಗಿದೆ. ಒಂದು ಅಂಗಿಗೆ ಎಡತೋಳನ್ನು ಬಲಕ್ಕೆ ಕೂರಿಸಿ ಬಿಚ್ಚಬೇಕಾಯಿತು. ಮನೆಗೆ ಹೋದರೆ ಹೆಂಡತಿ ತಟ್ಟೆ ಇಡುತ್ತಾ, "ಏನಂದ್ರೆ, ನಿಮ್ಮ ಸವತಿ ಇವತ್ತೂ ಅಣ್ಣನನ್ನ ಟೀಗೆ ಕರೆಸ್ಕೊಂಡಿದ್ನಾ?" ಎಂದು ಕೇಳುವಳು. ನಾನು ತಟ್ಟೆಯ ಮೇಲೆ ಬಗ್ಗಿ ಉಣ್ಣುತ್ತಿದ್ದೆ. ಆ ಫ್ರೇಮಿನ ಸವತಿಯೇ ಒಂದು ದಿನ ಪ್ಯಾಂಟ್ ಹೊಲಿಸಲು ಬಂದು, ನಿಮಗೆ ಅಣ್ಣ ಏನು ಹೇಳುತ್ತಾನೆ, ನಿಮಗೆ ಇನ್ನೂ ಜಾಸ್ತಿ ಹೇಳುತ್ತಿರಬೇಕಲ್ಲ ಎಂದು ವಿಚಾರಿಸಿದ. ಅದು ನಮ್ಮಿಬ್ಬರ ನಡುವಿನ ವಿಷಯ ಎಂದು ಗತ್ತಿನಿಂದ ಹೇಳಿದೆ. ಅವನ ಪ್ಯಾಂಟು ಸೊಂಟದ ಹತ್ತಿರ ಅರ್ಧ ಬೆರಳು ಬಿಗಿಯಾಯಿತು. ಅದು ಕೈತಪ್ಪಿ ಆದದ್ದಲ್ಲ.

ಮರ್ಯಾದೆ ಬಿಟ್ಟು ಬಲೆ ಬೀಸಿಯೂ ನೋಡಿದೆ. ಬೀದಿಯಲ್ಲಿ ಹೆಣ ಹೋದ ದಿನ ಬೇಕೆಂದೇ ಅವನ ಕುರ್ಚಿಗೆ ಹೋಗಿ ಕೂತು, ಮನುಷ್ಯ ಹೋದ ಮೇಲೆ ಏನಾಗುತ್ತಾನೋ ಎಂದು ನಿಟ್ಟುಸಿರು ಬಿಟ್ಟೆ. ಗಂಟಲು ಅಲುಗಿಸಬೇಡ ಎಂದ. ಇನ್ನೊಮ್ಮೆ, ವಯಸ್ಸಾಯಿತು, ಇನ್ನೆಷ್ಟು ದಿನವೋ ಎಂದೆ. ಬೆನ್ನು ನೋವಿಗೆ ಮೆಷಿನ್ನಿನ ಸ್ಟೂಲು ಎತ್ತರ ಮಾಡಿಸಿಕೋ ಎಂದ.

ಕೊನೆಗೆ ನನಗೆ ಹರ್ನಿಯಾ ಆಪರೇಷನ್ ಆಗಬೇಕಾಗಿ ಬಂತು. ಹಿಂದಿನ ಸಂಜೆ ಅವನು ಆಸ್ಪತ್ರೆಗೆ ಬಂದ, ಚೀಲದಲ್ಲಿ ಬ್ರಷ್ಷು, ಬಟ್ಟಲು, ಕತ್ತಿ. ನಾಳೆ ಡಾಕ್ಟರ ಮುಂದೆ ಗಡ್ಡ ಬಿಟ್ಟುಕೊಂಡು ಮಲಗಬಾರದು ಎಂಬುದು ಅವನ ವಾದ, ಹೊಲಿಯುವುದು ಹೊಟ್ಟೆಯನ್ನೇ ಆದರೂ. ವಾರ್ಡಿನಲ್ಲಿ ಫಿನಾಯಿಲ್ ವಾಸನೆ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಅವನು ನೊರೆ ಹಚ್ಚಿದ, ಕೆನ್ನೆ ಮುಗಿಸಿದ, ದವಡೆಯ ಕೆಳಗೆ ಬಂದ. ಇವತ್ತಾದರೂ ಹೇಳುತ್ತಾನೆ ಎಂದು ನಾನು ಕಣ್ಣು ಮುಚ್ಚಿ ಕಾದೆ. ಹೇಳಲಿಲ್ಲ. ಮುಖ ಒರೆಸಿದ, ಸಾಮಾನು ತೊಳೆದುಕೊಂಡ. ಆಮೇಲೆ ಸೀದಾ ಪಕ್ಕದ ಮಂಚದ ಅಪರಿಚಿತನ ಬಳಿ ಹೋಗಿ, ಅವನ ಕಿವಿಯ ಹತ್ತಿರ ಬಗ್ಗಿ, ಪಿಸುದನಿಯಲ್ಲಿ ಶುರು ಮಾಡಿದ. ಬೇಜಾರ್ ಮಾಡ್ಕೋಬೇಡಿ ಅನ್ನುವ ತುಟಿಯ ಚಲನೆ ನನಗೆ ಇಲ್ಲಿಂದಲೇ ಕಾಣಿಸಿತು.

ಅವನು ತಿರುಗಿ ಬಂದು ಚೀಲ ಎತ್ತಿಕೊಳ್ಳುವವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಆಗಲಿಲ್ಲ.

"ಆ ಮನುಷ್ಯ ಯಾರು ಅಂತಾನೂ ನಿಂಗೊತ್ತಿಲ್ಲ. ಅವನು ಬೆಂಕಿಗೆ ಬೀಳಬಾರ್ದು, ನಾನು ಬಿದ್ರೆ ಪರವಾಗಿಲ್ವಾ?"

ಅವನು ಚೀಲ ಕೆಳಗಿಟ್ಟ. "ಕೂಗಬೇಡ, ಹೊಟ್ಟೆಗೆ ಒಳ್ಳೇದಲ್ಲ."

"ಹೊಟ್ಟೆ ಹಾಳಾಗ್ಲಿ. ಸ್ಟ್ಯಾಂಡ್ ಕೆಳಗಿದ್ರೆ ಕತ್ತರಿ ಹಿಡ್ಕೊಂಡು ಬೀದಿಗೆ ಓಡೋನು ನೀನು. ಬೀದಿಗೆಲ್ಲ ಹೇಳ್ದೆ. ಆ ಫ್ರೇಮಿನವನಿಗೋಸ್ಕರ ಅತ್ತೆ. ನನಗೆ ಯಾಕೋ ಹೇಳಿಲ್ಲ?"

ಅವನು ಮಂಚದ ಅಂಚಿನಲ್ಲಿ ಕೂತ. ಬಹಳ ಹೊತ್ತು ಬ್ರಷ್ಷಿನ ಕೂದಲನ್ನು ಬೆರಳಲ್ಲಿ ಹಿಂಡುತ್ತಿದ್ದ. ನೀರು ಇಲ್ಲದಿದ್ದರೂ ಹಿಂಡುತ್ತಿದ್ದ.

"ಈ ಮಾತನ್ನ ಕೇಳದೇನೇ ಸತ್ತೋರನ್ನ ದೇವರು ಬೇರೆ ಥರ ನೋಡ್ತಾನೆ ಅಂತ ನಮ್ಮಮ್ಮ ಹೇಳ್ತಿದ್ಲು. ಗೊತ್ತಿಲ್ಲದೋರ ಮೇಲೆ ಅವನಿಗೆ ಕೋಪ ಇಲ್ವಂತೆ. ಕೇಳಿ ಬೇಡ ಅಂದೋರಿಗೇ ಕಷ್ಟ. ಪಾದ್ರಿಗಳನ್ನ ಕೇಳಿದ್ರೆ ಅಷ್ಟು ಸುಲಭ ಅಲ್ಲ ಅಂತಾರೆ. ಇರ್ಲಿ, ನಾನು ನಮ್ಮಮ್ಮನ ಮಾತೇ ಹಿಡ್ಕೊಂಡಿದ್ದೀನಿ."

"ಅದಕ್ಕೆ?"

"ನಿನಗೆ ಹೇಳಿದ್ರೆ ನೀನು ಬೇಡ ಅಂತೀಯ. ನಿನ್ನ ಮೊಂಡುತನ ನನಗೆ ಗೊತ್ತಿಲ್ವಾ? ಬೇರೆಯವರ ವಿಷಯದಲ್ಲಿ, ನನ್ನ ಕೆಲಸ ನಾನು ಮಾಡ್ದೆ, ಉಳಿದದ್ದು ದೇವರಿಗೆ ಬಿಟ್ಟಿದ್ದು ಅಂತ ಹೇಳಿಬಿಡ್ತೀನಿ. ನಿನ್ನನ್ನ ಹಾಗೆ ಬಿಡೋಕಾಗ್ಲಿಲ್ಲ ಕಣೋ. ನೀನು ಕೇಳದೇ ಇರೋನಾಗೇ ಇರು ಅಂತ ಇಟ್ಕೊಂಡಿದ್ದೀನಿ."

ನರಕದಣ್ಣ ಅನ್ನುವ ಹೆಸರು ಕೇಳಿರುತ್ತೀಯ, ಅದು ಲೆಕ್ಕಕ್ಕಿಲ್ಲ, ಆ ಬಾಗಿಲಿನ ಮಾತು ಕೇಳಿದರೆ ಮಾತ್ರ ಲೆಕ್ಕ, ಅದು ನಿನ್ನ ಕಿವಿಗೆ ಬೀಳದ ಹಾಗೆ ಜೋಪಾನ ಮಾಡಿದ್ದೇನೆ ಎಂದು ಅವನೇ ವಿವರಿಸಿದ. ಅದಕ್ಕೇ ಹಲಗೆಯ ಆ ಬದಿಯಲ್ಲಿ ದನಿ ತಗ್ಗಿಸುವುದು, ಅದಕ್ಕೇ ಫ್ರೇಮ್ ಅಂಗಡಿಯವನ ಜೊತೆಗಿನ ವಾದವನ್ನೆಲ್ಲ ಅಲ್ಲಿಗೇ ಹೋಗಿ ಮುಗಿಸುವುದು. ಹೇಳುತ್ತಾ ಹೇಳುತ್ತಾ ಇದ್ದಕ್ಕಿದ್ದಂತೆ ಅವನ ಮುಖ ಸಣ್ಣಗಾಯಿತು.

"ಆ ಹಲಗೆಯಿಂದ ನಿನ್ನ ಕಡೆಗೆ ಏನೂ ಕೇಳಿಸಲ್ಲ, ಅಲ್ವಾ?"

ಕೇಳಿಸುವುದೆಂದರೇನು? ಅವನ ಮಾತು ಮೊದಲಿನಿಂದ ಕೊನೆಯವರೆಗೂ ನನಗೆ ಬಾಯಿಪಾಠ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಎಲ್ಲಿ ಕತ್ತಿಯನ್ನು ಒರೆಸುತ್ತಾನೆ, ಬಾಗಿಲು ಅನ್ನುವಾಗ ಅವನ ದನಿ ಎಷ್ಟು ಮೆತ್ತಗಾಗುತ್ತದೆ, ಎಲ್ಲ ಗೊತ್ತು. ಅವನ ಹೆಂಡತಿಗಿಂತ ಹೆಚ್ಚು ಸಲ ಆ ಮಾತು ಕೇಳಿದವನು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಾನು. ಅವನು ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ.

"ಮೆಷಿನ್ ಸದ್ದಲ್ಲಿ ಏನಪ್ಪಾ ಕೇಳುತ್ತೆ" ಎಂದೆ. "ಏನೋ ಗುಸುಗುಸು ಅನ್ನುತ್ತೆ, ಅಷ್ಟೇ."

ಅವನು ಉಸಿರು ಬಿಟ್ಟ. ನನ್ನ ಕಿವಿಯ ಬುಡದಲ್ಲಿ ಒರೆಸದೆ ಉಳಿದಿದ್ದ ನೊರೆಯನ್ನು ಹೆಬ್ಬೆರಳಿನಿಂದ ಒರೆಸಿ ಎದ್ದು ಹೋದ.

ಆಪರೇಷನ್ ಚೆನ್ನಾಗಿಯೇ ಆಯಿತು. ಮತ್ತೆ ಅಂಗಡಿ ತೆರೆದೆ. ಫ್ರೇಮ್ ಅಂಗಡಿಯವನ ಪ್ಯಾಂಟಿನ ಸೊಂಟ ಬಿಚ್ಚಿ ಸಡಿಲ ಮಾಡಿಕೊಟ್ಟೆ. ನನಗೆ ಅಣ್ಣ ಏನೂ ಹೇಳುವುದಿಲ್ಲವೆಂದು ಹೇಗೋ ಗೊತ್ತಾಗಿ, ಅವನಿಗೆ ಈಗ ನನ್ನ ಮೇಲೆ ಹೊಟ್ಟೆಕಿಚ್ಚು. ಅಣ್ಣ ತನಗೊಬ್ಬನಿಗೇ ಇಷ್ಟು ಕಾಟ ಕೊಡುತ್ತಾನೆ, ನಿಮ್ಮನ್ನು ಯಾಕೆ ಬಿಟ್ಟಿದ್ದಾನೆ, ಏನು ಮಂತ್ರ ಹಾಕಿದಿರಿ ಎಂದು ಪೀಡಿಸುತ್ತಾನೆ. ನಾನು ಬರೀ ನಗುತ್ತೇನೆ. ಆ ನಗುವಿನಲ್ಲಿ ಸ್ವಲ್ಪ ಸೊಕ್ಕು ಇರುವುದು ನನಗೂ ಗೊತ್ತು.

ಆದರೆ ಮೆಷಿನ್ ನಿಲ್ಲಿಸಿ ಕೇಳುವುದು ಅಲ್ಲಿಗೆ ಮುಗಿಯಿತು. ಹಲಗೆಯ ಆಚೆ ಅವನ ದನಿ ತಗ್ಗುತ್ತಿದ್ದಂತೆ ನಾನು ಪೆಡಲ್ ತುಳಿಯುತ್ತೇನೆ. ಹೊಲಿಯಲು ಬಟ್ಟೆ ಇಲ್ಲದಿದ್ದರೆ ಸೂಜಿಯ ದಾರ ತೆಗೆದು ಬರಿಯ ಮೆಷಿನ್ನನ್ನೇ ಓಡಿಸುತ್ತೇನೆ. ಸದ್ದು ಅವನಿಗೆ ಕೇಳಲಿ ಎಂದು ಜೋರಾಗಿ ತುಳಿಯುತ್ತೇನೆ, ಹೊಲಿಗೆ ಹಾಕಿದ ಹೊಟ್ಟೆ ಜಗ್ಗುತ್ತದೆ. ಅವನು ಗಿರಾಕಿಯನ್ನು ಕಳಿಸಿ ಈಚೆ ಇಣುಕಿ, ಏನು ಕೆಲಸ ಜೋರಾ ಎಂದು ಕೇಳಿದರೆ, ಹೌದಪ್ಪ, ತಲೆ ಎತ್ತಲು ಪುರುಸೊತ್ತಿಲ್ಲ ಅನ್ನುತ್ತೇನೆ. ಅವನ ಮುಖ ಅರಳುತ್ತದೆ.

ಬಾಗಿಲಿನ ಮಾತು ಬರುವ ಹೊತ್ತಿಗೆ ಮಾತ್ರ ಒಮ್ಮೊಮ್ಮೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಗೊತ್ತಾದ ಕೂಡಲೇ ಮತ್ತೆ ಜೋರಾಗಿ ತುಳಿಯುತ್ತೇನೆ.